ಹುಳು ಹತ್ತಿದ ಲೆಕ್ಕ

ಏಳು ಸಮುದ್ರದಾಚೆ ರಾಜರಿದ್ದ ಕಾಲವಲ್ಲ. ಶಿಡ್ಲಘಟ್ಟಕ್ಕೆ ಬೆಂಗಳೂರಿನ ಬಸ್ಸು ದಿನಕ್ಕೆ ನಾಲ್ಕೇ ಸಲ ಬರುತ್ತಿದ್ದ ಕಾಲ. ಆ ಊರಲ್ಲಿ ಪಂಕಜ ಎಂಬ ಹುಡುಗಿಯಿದ್ದಳು. ರಾಕ್ಷಸನ ಪ್ರಾಣ ಗಿಳಿಯೊಳಗಿದ್ದಂತೆ ಇವಳ ಪ್ರಾಣ ಅರವತ್ತನಾಲ್ಕು ತೂತು ಕಾರ್ಡುಗಳಲ್ಲಿತ್ತು.

ಪಂಕಜ ಬೆಂಗಳೂರಿನಲ್ಲಿ ಗಣಿತದ ಬಿ.ಎಸ್ಸಿ. ಓದುತ್ತಿದ್ದಳು. ಆ ವರ್ಷ ಹೊಸದಾಗಿ ಗಣಕಯಂತ್ರದ ಪಾಠವೂ ಸೇರಿತ್ತು. ಲೆಕ್ಕದ ಒಂದೊಂದು ಹೆಜ್ಜೆಗೂ ಒಂದೊಂದು ಕಾರ್ಡು. ಅದರ ತೂತುಗಳನ್ನು ಓದಿ ಯಂತ್ರ ಉತ್ತರ ಹೇಳುತ್ತದೆ. ಪಂಕಜ ಆರಿಸಿಕೊಂಡದ್ದು ಅಜ್ಜಿಯ ರೇಷ್ಮೆಹುಳುಗಳ ಲೆಕ್ಕ: ಈ ಬೆಳೆಯ ಹುಳುಗಳು ಗೂಡು ಕಟ್ಟುವವರೆಗೆ ಎಷ್ಟು ಬುಟ್ಟಿ ಹಿಪ್ಪುನೇರಳೆ ಸೊಪ್ಪು ಬೇಕು?

"ಯಂತ್ರದ ಹತ್ರ ಕೇಳಿ ಹೇಳ್ತೀನಿ ಅಜ್ಜಿ," ಎಂದು ಮಾತು ಕೊಟ್ಟಿದ್ದಳು. ಮನೆಯವರೆಲ್ಲ ಬೇಡವೆಂದಾಗ ಹಟ ಹಿಡಿದು ಅವಳನ್ನು ಕಾಲೇಜಿಗೆ ಕಳಿಸಿದವಳು ಅಜ್ಜಿ ಲಕ್ಷ್ಮೀನರಸಮ್ಮ. ಅಷ್ಟಾದರೂ ಮಾಡದಿದ್ದರೆ ಹೇಗೆ?

ಪಂಕಜ ರಜೆಗೆ ಊರಿಗೆ ಬಂದಿದ್ದಳು. ಆ ಭಾನುವಾರ ನಾಲ್ಕು ಗಂಟೆಗೆ, ಚಿಂತಾಮಣಿಯಿಂದ ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಅವಳ ಕಾಲೇಜಿನ ಮೇಷ್ಟ್ರು ಪುಟ್ಟಸ್ವಾಮಯ್ಯ ಬರುವವರಿದ್ದರು. ಅವರ ಕೈಗೆ ಕಾರ್ಡು ಕೊಡದಿದ್ದರೆ ಆ ವಿಷಯಕ್ಕೆ ಸೊನ್ನೆ.

ಬೆಳಿಗ್ಗೆ ಸ್ನಾನ ಮುಗಿಸಿ ಬಂದರೆ ಗೋಡೆಯ ಗೂಡಿನಲ್ಲಿ ಇಟ್ಟಿದ್ದ ಕಾರ್ಡಿಲ್ಲ.

"ಪಕ್ಕದ್ಮನೆ ಆಂಜಿನಮ್ಮ ತಗೊಂಡೋದ್ಳು ಕಣಮ್ಮ," ಎಂದಳು ಅಜ್ಜಿ. "ತೂತಿನ ಕಾಗ್ದ ಅಲ್ವಾ, ಹುಳಕ್ಕೆ ತಂದಿದೀಯ ಅಂದ್ಕೊಂಡೆ."

ತಪ್ಪು ಅಜ್ಜಿಯದಲ್ಲ. ಮರಿಹುಳುಗಳ ಮೇಲೆ ತೂತಿನ ಕಾಗದ ಹೊದಿಸಿ ಹೊಸ ಸೊಪ್ಪು ಉದುರಿಸುವುದು ಆ ಊರಿನ ಪದ್ಧತಿ. ಹುಳುಗಳು ತೂತಿನಿಂದ ಮೇಲೆ ಬರುತ್ತವೆ. ಕಾಗದ ಎತ್ತಿದರೆ ಕಸ ಕೆಳಗೇ ಉಳಿಯುತ್ತದೆ.

ಪಂಕಜ ಓಡಿದಳು. ಆಂಜಿನಮ್ಮ ಹುಳು ಸಾಕುವ ತಟ್ಟೆಯಲ್ಲಿ ಕಾರ್ಡುಗಳು ಹೆಂಚಿನ ಸೂರಿನಂತೆ ಹರಡಿದ್ದವು. ಮೇಲೆ ಸಾವಿರ ಹುಳುಗಳು ಹಬ್ಬದೂಟಕ್ಕೆ ಕೂತಿದ್ದವು.

"ಎಂಥಾ ತೂತಮ್ಮ! ಅಳತೆ ಹಿಡಿದಂಗಿದೆ. ನೀನು ಓದಿದ್ದೂ ಸಾರ್ಥಕ ಆಯ್ತು ಕಣೇ!" ಎಂದಳು ಆಂಜಿನಮ್ಮ.

ಕೋಳಿಗರಿಯಿಂದ ಹುಳು ಸರಿಸಿ ಕಾರ್ಡು ಬಿಡಿಸಿ ಮನೆಗೆ ತರುವಷ್ಟರಲ್ಲಿ ಹತ್ತು ಗಂಟೆ. ಆದರೆ ಅವುಗಳ ಕ್ರಮ? ಪ್ರತಿ ಕಾರ್ಡಿನ ಮೂಲೆಯಲ್ಲಿ ಅಂಕಿ ಬರೆದಿಡಿ ಎಂದು ಮೇಷ್ಟ್ರು ಹೇಳಿದ್ದರು. ಆಗ ಪಂಕಜ ಕಿಟಕಿಯಾಚೆಯ ಮೋಡದಲ್ಲಿ ಆನೆ ಹುಡುಕುತ್ತಿದ್ದಳು.

ಈಗ ಯಾವುದಾದ ಮೇಲೆ ಯಾವುದು ಎಂದು ತಿಳಿಯಲು ಇಡೀ ಲೆಕ್ಕವನ್ನು ಕೈಯಲ್ಲೇ ಮಾಡಬೇಕಾಯಿತು. ಹನ್ನೆರಡು ಹಾಳೆ ತುಂಬಿದವು. ಉತ್ತರ ಬಂತು, ಕಾರ್ಡುಗಳೂ ಸಾಲಿಗೆ ಬಂದವು. ಅಷ್ಟರಲ್ಲಿ ಆಂಜಿನಮ್ಮನ ಗಂಡ ಕೋನಪ್ಪ ನೋಡಲು ಬಂದ. ಇಸ್ಪೀಟಿನಲ್ಲಿ ಪಳಗಿದ ಕೈ. ಕಟ್ಟು ಎತ್ತಿಕೊಂಡವನು ಮಾತಾಡುತ್ತಲೇ ಚಕಚಕನೆ ಕಲೆಸಿಬಿಟ್ಟ.

"ಅಯ್ಯೋ ಮಾವ!"

"ಕೈ ಕೇಳ್ಲಿಲ್ಲ ತಾಯಿ," ಎಂದು ಕೋನಪ್ಪ ನಾಲಿಗೆ ಕಚ್ಚಿಕೊಂಡ. "ಹಂಚ್ಲಾ?"

ಹಾಳೆಗಳನ್ನು ನೋಡಿಕೊಂಡು ಮತ್ತೆ ಜೋಡಿಸಿದಾಗ ಮೂರೂಮುಕ್ಕಾಲು. ಪಂಕಜ ಕಟ್ಟನ್ನು ಜಡೆಯ ಟೇಪಿನಿಂದ ಬಿಗಿದು ಹೊರಟಳು. ಬಾಗಿಲಲ್ಲಿ ಆಂಜಿನಮ್ಮ ನಿಂತಿದ್ದಳು.

"ಇನ್ನೊಂದು ತಟ್ಟೆಗೆ ಏನು ಹಾಕ್ಲಮ್ಮ?"

"ಒಳಗೆ ಯಾವ ಹಾಳೆಯಾದ್ರೂ ತಗೊಳ್ಳಿ ಅತ್ತೆ, ಕಾರ್ಡ್ ಮಾತ್ರ ಬೇಡ!"

ಬಸ್ಸು ಒಂದು ಗಂಟೆ ತಡವಾಗಿ ಬಂತು. ಮೇಷ್ಟ್ರು ಕಿಟಕಿಯಿಂದ ತಲೆ ಹಾಕಿದರು.

"ಯಂತ್ರ ಕೆಟ್ಟು ಕೂತಿದೆ ಪಂಕಜ. ಈ ವರ್ಷ ಕಾರ್ಡ್ ಬೇಡ, ಕೈಯಲ್ಲಿ ಮಾಡಿರೋ ಲೆಕ್ಕಕ್ಕೇ ಅಂಕ. ಇವತ್ತೇ ಬೇಕು. ಮಾಡಿದೀಯಾಮ್ಮ?"

"ಮಾಡಿದೀನಿ ಸಾರ್!" ಅವಳ ಕಣ್ಣು ತುಂಬಿತು. ಆಂಜಿನಮ್ಮ ಕಾರ್ಡು ಒಯ್ಯದಿದ್ದರೆ ಆ ಹನ್ನೆರಡು ಹಾಳೆ ಎಲ್ಲಿರುತ್ತಿದ್ದವು? ಆ ಮಹಾತಾಯಿಯ ಕಾಲಿಗೆ ಬೀಳಬೇಕೆನಿಸಿತು. "ಐದೇ ನಿಮಿಷ ಸಾರ್!"

ಮನೆಯಲ್ಲಿ ಹಾಳೆಗಳಿಲ್ಲ. ಪಂಕಜ ಆಂಜಿನಮ್ಮನ ಮನೆಗೆ ಓಡಿದಳು.

"ನಿನ್ನ ಕಾರ್ಡ್ ನೋಡಿ ಕಲಿತೆ ಕಣೇ," ಆಂಜಿನಮ್ಮ ಹೆಮ್ಮೆಯಿಂದ ತಟ್ಟೆ ತೋರಿಸಿದಳು. "ಹನ್ನೆರಡೂ ಒಟ್ಟಿಗಿಟ್ಟು ದಬ್ಬಳದಲ್ಲಿ ಚುಚ್ಚಿದೆ. ಹುಳ ಮೇಲೆ ಬಂದು, ಮೇವು ಬಿಟ್ಟು ಜ್ವರಕ್ಕೆ ಕೂತ್ವು. ಪೊರೆ ಬಿಡೋವರ್ಗೂ, ನಾಳೆ ತನಕ, ಅಲ್ಲಾಡಿಸೋ ಹಂಗಿಲ್ಲ."

ದೂರದಲ್ಲಿ ಬಸ್ಸಿನ ಹಾರನ್ ಕೂಗಿತು, ಆಮೇಲೆ ಸಣ್ಣದಾಯಿತು.

ಪಂಕಜ ಜಗಲಿಯಲ್ಲಿ ಕುಸಿದಳು. ಅಜ್ಜಿ ಪಕ್ಕದಲ್ಲಿ ಕೂತು ಸೆರಗಿನಿಂದ ಅವಳ ಮುಖ ಒರೆಸಿದಳು.

"ಅತ್ತಿದ್ದು ಸಾಕು. ಎಷ್ಟು ಬಂತು ನಿನ್ನ ಲೆಕ್ಕ?"

"ನೂರಾ ಹದಿಮೂರು ಬುಟ್ಟಿ, ಅಜ್ಜಿ."

"ಸರಿಯಾಗಿದೆ! ಕಣ್ಣಂದಾಜಲ್ಲೇ ಸೊಪ್ಪಿನ ತೋಟದವನಿಗೆ ಮೊನ್ನೇನೇ ಅಷ್ಟೇ ಹೇಳಿ ಕಳ್ಸಿದೀನಿ," ಎಂದು ಅಜ್ಜಿ ಅವಳ ತಲೆ ನೇವರಿಸಿದಳು. "ಆದ್ರೂ ನಿನ್ನ ಬಾಯಿಂದ ಕೇಳ್ಬೇಕು ಅಂತ ಕಾದಿದ್ದೆ ಕಣಮ್ಮ."

ಅಂಕ ಹೋದರೂ ಅಜ್ಜಿಗೆ ಕೊಟ್ಟ ಮಾತು ಉಳಿಯಿತು.