ಬಿಗಿಯಣ್ಣನ ನಾಲ್ಕು ಬೋಲ್ಟು

“ಇವತ್ತು ಒಂದೇ ಒಂದು ಬೋಲ್ಟ್ ಮುರಿದರೂ ಸರಿ, ಇನ್ನು ಜನ್ಮದಲ್ಲಿ ಸ್ಪಾನರ್ ಮುಟ್ಟೋದಿಲ್ಲ!” ಎಂದು ಬಿಗಿಯಣ್ಣ ತಿಂಡಿಯ ತಟ್ಟೆಯ ಮುಂದೆ ಕೂತು ಘೋಷಿಸಿಬಿಟ್ಟ. ಹೆಂಡತಿ ಅತ್ತೆಯ ಮುಖ ನೋಡಿದಳು. ಅತ್ತೆ ಸೊಸೆಯ ಮುಖ ನೋಡಿದರು. ಇಬ್ಬರೂ ಅವರವರ ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿಕೊಂಡರು. ಎಡವಟ್ಟು ಶುರುವಾಗಿದ್ದೇ ಅಲ್ಲಿಂದ ಅನ್ನಿ.

ಬಿಗಿಯಣ್ಣ ಅನ್ನೋದು ಹೆತ್ತವರು ಇಟ್ಟ ಹೆಸರಲ್ಲ, ಕೈಗುಣಕ್ಕೆ ಸಿಕ್ಕ ಬಿರುದು. ಅವನು ಮುಚ್ಚಿದ ಡಬ್ಬಿಯನ್ನು ಬೇರೆಯವರು ತೆಗೆದ ಇತಿಹಾಸ ಆ ಮನೆಯಲ್ಲಿಲ್ಲ. ಅವನು ನಿಲ್ಲಿಸಿದ ನಲ್ಲಿ ನಿಂತಿತೆಂದರೆ ನಿಂತೇಹೋಯಿತು. ಅವನು ಕಟ್ಟಿದ ಮೂಟೆಗೆ ಕತ್ತರಿಯೇ ಗತಿ.

ಅಂಥ ಕೈಗೆ ಈಗ ಸಿಕ್ಕಿದ್ದು ಅವನ ಅಪ್ಪನ ಹಳೇ ಟ್ರ್ಯಾಕ್ಟರು. ಎಂಜಿನ್ ಗಟ್ಟಿಮುಟ್ಟು. ಹಿಂದಿನ ನೇಗಿಲು ಎತ್ತುವ ಹೈಡ್ರಾಲಿಕ್ ಮಾತ್ರ ಮುಷ್ಕರ ಹೂಡಿತ್ತು. ಪಂಪಿಗೆ ಪೈಪು ಸೇರುವ ಕಡೆ ಎಣ್ಣೆ ಸೋರಿ ಸೋರಿ ನೇಗಿಲು ನೆಲ ಬಿಟ್ಟು ಏಳುತ್ತಲೇ ಇರಲಿಲ್ಲ. ಸಂಜೆ ಗುಜರಿಯವನು ಬರುತ್ತಾನೆ, ಅಷ್ಟರೊಳಗೆ ನೇಗಿಲು ಎದ್ದರೆ ಟ್ರ್ಯಾಕ್ಟರು ನಮ್ಮದು, ಇಲ್ಲವಾದರೆ ಅವನದು ಎಂದು ಹೆಂಡತಿ ಕಡ್ಡಿ ಮುರಿದಂತೆ ಹೇಳಿದ್ದಳು. ಅಪ್ಪನ ತೊಡೆಯ ಮೇಲೆ ಕೂತು ಅದೇ ಸ್ಟೀರಿಂಗ್ ಹಿಡಿದು ಬೆಳೆದ ಬಿಗಿಯಣ್ಣ ಕೂಡಲೇ ಸ್ಪಾನರ್ ಹುಡುಕಿ ತಂದಿದ್ದ.

ಹೆಂಡತಿಯ ತಮ್ಮ ಮೆಕ್ಯಾನಿಕ್ಕು. ಫೋನಿನಲ್ಲೇ ಪಾಠ ಮಾಡಿದ. ಎಂಜಿನ್ ಆಫ್ ಮಾಡಬೇಕು, ನೇಗಿಲನ್ನು ನೆಲಕ್ಕೆ ಇಳಿಸಿ ಒತ್ತಡ ತೆಗೆಯಬೇಕು, ಹೊಸ ವಾಷರ್ ಕೂರಿಸಿ ನಾಲ್ಕು ಬೋಲ್ಟನ್ನೂ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಬರಬೇಕು. ಸ್ಪಾನರಿಗೆ ಉದ್ದನೆ ಪೈಪು ಸಿಕ್ಕಿಸಿ ಜಗ್ಗುವುದಂತೂ ಬೇಡವೇ ಬೇಡ. “ಭಾವ, ಬಿಗಿ ಮಾಡೋದು ಅಂದ್ರೆ ಬೋಲ್ಟ್ ಮೇಲೆ ಸೇಡು ತೀರಿಸ್ಕೊಳ್ಳೋದಲ್ಲ” ಎಂದು ಕೊನೆಗೊಂದು ಮಾತು ಸೇರಿಸಿದ.

ಬಿಗಿಯಣ್ಣ ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ. ಕೊನೆಯ ಬೋಲ್ಟಿನ ಹತ್ತಿರ ಕೈ ತುರಿಸತೊಡಗಿತು. ಇನ್ನೊಂದೇ ಒಂದು ಜಗ್ಗು! ಊಹೂಂ. ಎರಡೂ ಕೈಯನ್ನು ಜೇಬಿಗೆ ತುರುಕಿಕೊಂಡು ಎದ್ದೇಬಿಟ್ಟ. ಜೀವಮಾನದಲ್ಲೇ ಮೊದಲ ಸಲ ಒಂದು ವಸ್ತುವನ್ನು ಎಷ್ಟು ಬೇಕೋ ಅಷ್ಟೇ ಬಿಗಿದಿದ್ದ. ಆ ಮಹಾಸಂಯಮವನ್ನು ಕಣ್ಣಾರೆ ಕಂಡವರು ಮಾತ್ರ ಯಾರೂ ಇರಲಿಲ್ಲ. ಊಟ ಮಾಡಿ ನೆಮ್ಮದಿಯಾಗಿ ಗೊರಕೆ ಹೊಡೆದ.

ಸಂಜೆ ಗುಜರಿಯವನು ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಬಂದು, ಬಗ್ಗಿ ಪಂಪನ್ನೇ ದಿಟ್ಟಿಸುತ್ತಾ ನಿಂತ. ಬಿಗಿಯಣ್ಣ ಸಿಂಹಾಸನವೇರಿ ಎಂಜಿನ್ ಶುರು ಮಾಡಿ ಲಿವರ್ ಎತ್ತಿದ. ನೇಗಿಲು ಗೇಣುದ್ದ ಎದ್ದಿತು. ಅವನ ಎದೆ ಮೊಳದುದ್ದ ಎದ್ದಿತು. ಅಷ್ಟರಲ್ಲಿ ಚಿರ್ರ್ ಎಂದು ನಾಲ್ಕೂ ದಿಕ್ಕಿಗೆ ಎಣ್ಣೆ ಚಿಮ್ಮಿ ಬಿಳಿ ಅಂಗಿ ಕರ್ರಗಾಯಿತು. ಬಿಗಿಯಣ್ಣ ಜಿಗಿದು ಅಂಗೈಯಿಂದ ಮುಚ್ಚಲು ಓಡಿದ. “ಓಡ್ತಿರೋ ಎಂಜಿನ್‌ಗೆ ಕೈ ಹಾಕ್ಬೇಡಿ, ಮೊದಲು ಆಫ್ ಮಾಡಿ!” ಎಂದು ಹೆಂಡತಿ ಅವನ ಅಂಗಿ ಹಿಡಿದೆಳೆದಳು.

ಎಂಜಿನ್ ನಿಂತಿತು. ನೋಡಿದರೆ ನಾಲ್ಕೂ ಬೋಲ್ಟು ಸಡಿಲ!

“ಯಾರು ಬಿಚ್ಚಿದ್ದು?”

“ನಿಮ್ಮ ಕೈ ಗೊತ್ತಲ್ಲ” ಎಂದಳು ಹೆಂಡತಿ, ಸೆರಗಿನ ಅಂಚು ತಿರುಚುತ್ತಾ. “ಬೋಲ್ಟ್ ಮುರಿದರೆ ನಿಮ್ಮಪ್ಪನ ಟ್ರ್ಯಾಕ್ಟರು ಹೋಗುತ್ತಲ್ಲ ಅಂತ ಸಂಕಟ ಆಯ್ತು. ನೀವು ಮಲಗಿದ್ದಾಗ ಒಂದೊಂದನ್ನೂ ಕಾಲು ಸುತ್ತು ಸಡಿಲ ಮಾಡಿದೆ, ಅಷ್ಟೇ.”

ಅಮ್ಮ ಕೆಮ್ಮಿದರು. “ನಾನೂ ಕಾಲೇ ಸುತ್ತು ಕಣೋ. ಅವಳು ಮಾಡಿದ್ದು ನನಗೇನು ಗೊತ್ತು?”

ಬೈಯಬೇಕೆಂದು ಬಾಯಿ ತೆರೆದ ಬಿಗಿಯಣ್ಣನಿಗೆ ನಗು ಬಂತು. ಗುಜರಿಯವನೂ ನಕ್ಕುಬಿಟ್ಟ. ಮತ್ತೆ ನೇಗಿಲು ನೆಲಕ್ಕೆ, ಮತ್ತೆ ಎದುರುಬದುರು, ಮತ್ತೆ ಎಷ್ಟು ಬೇಕೋ ಅಷ್ಟೇ. ಕಡಿಮೆಯಾದ ಎಣ್ಣೆ ತುಂಬಿ ಲಿವರ್ ಎತ್ತಿದರೆ ನೇಗಿಲು ರಾಜಗಾಂಭೀರ್ಯದಿಂದ ಎದ್ದು ನಿಂತಿತು. ಒಂದು ತೊಟ್ಟು ಸೋರಲಿಲ್ಲ. ಹೆಂಡತಿ ಚಪ್ಪಾಳೆ ತಟ್ಟಿದಳು. ಟ್ರ್ಯಾಕ್ಟರು ಉಳಿಯಿತು.

“ಇನ್ನಾದರೂ ನನ್ನ ಕೈಯನ್ನು ನಂಬ್ತೀರಾ?” ಎಂದು ಮೀಸೆ ತಿರುವುತ್ತಾ ಬಿಗಿಯಣ್ಣ, ಮೈತುಂಬ ಎಣ್ಣೆಯಾಗಿದ್ದ ಗುಜರಿಯವನನ್ನು ಕೈ ತೊಳೆಯಲು ಹಿತ್ತಿಲ ನಲ್ಲಿಗೆ ಕರೆದೊಯ್ದ. ತಿರುಗಿಸಿದ. ಕೈ ಜಾರಿತು. ಅಂಗಿಯ ತುದಿ ಸುತ್ತಿ ತಿರುಗಿಸಿದ. ನಲ್ಲಿ ಮಿಸುಕಲಿಲ್ಲ. ಬೆಳಿಗ್ಗೆ ಮುಖ ತೊಳೆದು ಅದನ್ನು ನಿಲ್ಲಿಸಿದವನು ಅವನೇ.

ಹಿಂದೆ ಹೆಜ್ಜೆ ಸಪ್ಪಳವಾಯಿತು. ಅಮ್ಮ ಸ್ಪಾನರ್ ಹಿಡಿದು ನಿಂತಿದ್ದರು.

“ಆ ಕಡೆ ಸರಿಯಪ್ಪ. ಕಾಲು ಸುತ್ತು ಸಾಕಾ?”