ರೇಸ್ ಬೈಕಿಗೆ ಅರ್ಧ ನೀರುಳ್ಳಿ

ಶ್ರೇಯಾ, ನಿಶು, ನಿಮ್ಮಪ್ಪನ ರೇಸ್ ಬೈಕಿಗೆ ಈ ಅಜ್ಜಿ ಮಾಡಿದ ಸೇವೆಯ ಕತೆಯನ್ನು ನಿಮ್ಮಮ್ಮ ಎಲ್ಲರೆದುರು ಹೇಳಿ ನಗುತ್ತಾಳೆ. ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ. ಆದ್ದರಿಂದ ನನ್ನ ಕಡೆಯ ವಾದವನ್ನು ಬರೆದೇ ಇಡುತ್ತಿದ್ದೇನೆ.

ಆಗ ನಾವು ಅಬುಧಾಬಿಯ ಖಾಲಿದಿಯಾದಲ್ಲಿದ್ದೆವು. ನೀವಿಬ್ಬರೂ ಚಿಕ್ಕವರು. ಆ ಬೈಕ್ ರಸ್ತೆಗೆ ಇಳಿಯುವಂಥದ್ದಲ್ಲ. ಟ್ರ್ಯಾಕಿನಲ್ಲಿ ಮಾತ್ರ ಸುತ್ತುವಂಥದ್ದು. ಹೊರಟಲ್ಲಿಗೇ ವಾಪಸ್ ಬರಲು ಅಷ್ಟು ಅವಸರ ಏಕೆಂದು ನನಗೆ ಇಂದಿಗೂ ತಿಳಿದಿಲ್ಲ! ಚಳಿ ದೇಶಗಳಲ್ಲಿ ಇಂಥ ಬೈಕುಗಳನ್ನು ಚಳಿಗಾಲಕ್ಕೆ ಮುಚ್ಚಿಡುತ್ತಾರಂತೆ. ಅಬುಧಾಬಿಯಲ್ಲಿ ಬೇಸಿಗೆಗೆ. ನಾವೆಲ್ಲ ರಜೆಗೆ ಉಡುಪಿಗೆ ಹೊರಡುವ ಮುನ್ನಾದಿನ ಆ ಕೆಲಸ ಶುರುವಾಯಿತು.

ನಿಮ್ಮಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತು, ಇಳಿಜಾರಿನ ಕೊನೆಗಿದ್ದ ಕುಂಡ ತೋರಿಸಿ ತೀರ್ಪು ಕೊಟ್ಟಳು: "ಇಲ್ಲೇ ಇಡಿ, ಬೇಡ ಹೇಳುದಿಲ್ಲ. ಆದ್ರೆ ನನ್ನ ಕರಿಬೇವಿನ ಗಿಡಕ್ಕೆ ಏನಾದ್ರೂ ಆದ್ರೆ ಬೈಕ್ ಖಲಾಸ್. ಮಾರುದೇ!"

"ಎಂತ ಆಗ್ತದೆ ಮಾರಾಯ್ತಿ? ಅದು ನಿಂತಲ್ಲೇ ನಿಂತಿರ್ತದೆ" ಎಂದ ನಿಮ್ಮಪ್ಪ. ಮುಖ ಮಾತ್ರ ಬಾಡಿತ್ತು. ವಾರವಿಡೀ ಆಫೀಸಿನಲ್ಲಿ ದುಡಿಯುವ ಅವನಿಗೆ ಇದ್ದ ಸಂತೋಷ ಅದೊಂದೇ.

ಬೈಕನ್ನು ತೊಳೆದ, ಒರೆಸಿದ, ಚೈನಿಗೆ ಎಣ್ಣೆ ಬಿಟ್ಟ. "ಇಲ್ಲಿಯ ಸಮುದ್ರದ ಗಾಳಿಗೆ ಬೇಗ ತುಕ್ಕು ಹಿಡಿತದೆ ಅಮ್ಮ. ಟ್ಯಾಂಕ್ ತುಂಬಿಸ್ಲಿಕ್ಕೆ ಪೆಟ್ರೋಲ್ ತರ್ತೇನೆ. ನೀವು ಎಂತದೂ ಮುಟ್ಬೇಡಿ" ಎಂದು ಹೋದ.

ಮುಟ್ಟಬೇಡಿ ಎಂದದ್ದು ಕೇಳಿಸಿತು. ತುಕ್ಕು ಎಂದದ್ದು ಅದಕ್ಕಿಂತ ಜೋರಾಗಿ ಕೇಳಿಸಿತು.

ನೋಡಿದರೆ, ಚಕ್ರಗಳ ಬದಿಯಲ್ಲಿ ತಟ್ಟೆಯಂಥ ಕಬ್ಬಿಣದ ಬಿಲ್ಲೆಗಳು ಎಣ್ಣೆಯ ಪಸೆಯೇ ಇಲ್ಲದೆ ಹೊಳೆಯುತ್ತಿವೆ! ಪಾಪ, ಮರೆತಿದ್ದಾನೆ. ದೋಸೆ ಕಾವಲಿಗೆ ಎಣ್ಣೆ ಹಚ್ಚದೆ ಎತ್ತಿಡುವ ಮನೆ ನಮ್ಮಲ್ಲಿ ಉಂಟೇ? ನನ್ನ ಕಾವಲಿಯಂತೂ ಒಂದು ಚುಕ್ಕೆ ತುಕ್ಕು ಕಂಡದ್ದಿಲ್ಲ. ನಿಮ್ಮಜ್ಜ ಇದ್ದಿದ್ದರೆ ಸಾಕ್ಷಿ ಹೇಳುತ್ತಿದ್ದರು.

ನೀರುಳ್ಳಿಯನ್ನು ಅರ್ಧ ಮಾಡಿ, ಫೋರ್ಕಿಗೆ ಚುಚ್ಚಿ, ತೆಂಗಿನೆಣ್ಣೆಯಲ್ಲಿ ಅದ್ದಿ ತಂದೆ. ಶಾಸ್ತ್ರೋಕ್ತವಾಗಿ ಎಲ್ಲ ಬಿಲ್ಲೆಗಳಿಗೂ ಉಜ್ಜಿದೆ. ತೂತುಗಳಿದ್ದುದರಿಂದ ಎಣ್ಣೆ ಸ್ವಲ್ಪ ಹೆಚ್ಚೇ ಹಿಡಿಯಿತು.

ನಿಮ್ಮಪ್ಪ ಬಂದು ಪೆಟ್ರೋಲ್ ತುಂಬಿಸಿದ. ಬೈಕನ್ನು ಮೂಲೆಗೆ ಒಯ್ಯಲು ಶೆಡ್ಡಿನ ಇಳಿಜಾರಿನಲ್ಲಿ ಮೆಲ್ಲನೆ ಬಿಟ್ಟು ಬ್ರೇಕ್ ಹಿಡಿದ. ಬೈಕ್ ನಿಲ್ಲಲಿಲ್ಲ. ಇನ್ನೂ ಗಟ್ಟಿಯಾಗಿ ಹಿಡಿದ. ಅದು ಅವನನ್ನೇ ಎಳೆದುಕೊಂಡು ಹೋಯಿತು. ನಾನು ಎಣ್ಣೆ ಹಚ್ಚಿದ ಆ ಬಿಲ್ಲೆಗಳೇ ಬ್ರೇಕ್ ಹಿಡಿಯುವ ಜಾಗವಂತೆ! ಟ್ರ್ಯಾಕಿನಲ್ಲಿ ಒಮ್ಮೆಯೂ ಮೊದಲು ಬಾರದ ಬೈಕ್, ಅಂದು ಎಲ್ಲರಿಗಿಂತ ಮುಂಚೆ ಕರಿಬೇವಿನ ಕುಂಡವನ್ನು ತಲುಪಿತು.

ಢಬ್! ಕುಂಡ ಚೂರು. ಗಿಡ ಬುಡಸಮೇತ ನೆಲದಲ್ಲಿ.

"ಖಲಾಸ್!" ಎನ್ನುತ್ತ ನಿಮ್ಮಮ್ಮ ಓಡಿ ಬಂದಳು. ನಿಮ್ಮಪ್ಪ ಬಿಲ್ಲೆಯನ್ನು ಮುಟ್ಟಿ, ಬೆರಳು ಮೂಸಿ, ಮತ್ತೆ ಮೂಸಿದ. ನಾನು ಫೋರ್ಕನ್ನು ಸೆರಗಿನೊಳಗೆ ಸೇರಿಸಿದೆ. ಆಗ, ಶ್ರೇಯಾ, ನೀನು ಬಾಗಿಲಲ್ಲಿ ಮೂಗರಳಿಸಿ ಕೇಳಿದೆ: "ಡ್ಯಾಡಿ, ಹೂ ಈಸ್ ಮೇಕಿಂಗ್ ದೋಸಾ?"

ಎಲ್ಲರೂ ನನ್ನತ್ತ ತಿರುಗಿದರು. ಸೆರಗಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಬೈಕ್ ಮಾರ್ಬೇಡ ವೀಣಾ" ಎಂದೆ ನಿಮ್ಮಮ್ಮನಿಗೆ. "ಅದರದ್ದು ಎಂತ ತಪ್ಪೂ ಇಲ್ಲ. ಕಾವಲಿ ಅಂತ ಎಣಿಸಿದ್ದು ನಾನು."

ಸಿಟ್ಟು ಮಾಡಲು ಅವಳು ಬಹಳ ಪ್ರಯತ್ನಪಟ್ಟಳು. ಆಗಲಿಲ್ಲ. ನೆಲದಲ್ಲೇ ಕುಳಿತು ನಗತೊಡಗಿದಳು. "ನೀರುಳ್ಳಿ, ತೆಂಗಿನೆಣ್ಣೆ, ಕರಿಬೇವಿನ ಎಲೆ... ಇನ್ನು ಸಾಸಿವೆ ಒಂದು ಬಾಕಿ ಅತ್ತೆ!"

ಗಿಡವನ್ನು ಬಕೆಟಿನಲ್ಲಿ ನೆಟ್ಟೆವು, ಬದುಕಿತು. ಬೈಕೂ ಉಳಿಯಿತು. ಷರತ್ತು ಮಾತ್ರ ಬದಲಾಯಿತು: ಶೆಡ್ಡಿನ ಕೀಲಿಕೈ ಅಜ್ಜಿಗೆ ಸಿಗಬಾರದು!

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿ ಎತ್ತಿಡಿ. ಹೇಗೆ ಎತ್ತಿಡುವುದೆಂದು ಮಾತ್ರ ನನ್ನನ್ನು ಕೇಳಬೇಡಿ.