ಅಧಿಕಾರ ಮೇಲಿನವರ ಹತ್ತಿರ ಇದೆ

ಸರ್ಕಾರದ ಮೇಲೆ ಪಿಎಚ್‌ಡಿ ಮಾಡುವವರಿಗೆ ಇಂಥವು ಆಗುತ್ತಲೇ ಇರುತ್ತವೆ. ನನಗೆ ಸ್ವಲ್ಪ ಜಾಸ್ತಿಯೇ ಆದವು. ನಾನು ಮೈಸೂರಿನವಳು. ನಮ್ಮ ಯಜಮಾನರು ತಿರುವನಂತಪುರದಲ್ಲಿ ರಾಕೆಟ್ ವಿಜ್ಞಾನಿ, ಮನೆ ಉಳ್ಳೂರಿನ ಹತ್ತಿರ. ಮನೆ ಎದುರಿಗಿದ್ದ ಬಸ್ ಸ್ಟಾಪನ್ನು ಯಾರೋ ಇದ್ದಕ್ಕಿದ್ದಂತೆ ಎರಡು ಫರ್ಲಾಂಗು ಆಚೆ ಒಯ್ದರು. ತೀರ್ಮಾನ ಯಾರದು ಅಂತ ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ನನಗೆ ರೇಗಿಹೋಯಿತು. ಸರ್ಕಾರದಲ್ಲಿ ತೀರ್ಮಾನ ಮಾಡೋರು ನಿಜವಾಗಿ ಯಾರು ಅನ್ನೋದನ್ನೇ ಪ್ರಬಂಧದ ವಿಷಯ ಮಾಡಿಕೊಂಡೆ. ಅದಕ್ಕೆ ಆ ಸ್ಟಾಪಿನ ಫೈಲು ನೋಡಬೇಕಿತ್ತು, ಅಷ್ಟೇ.

೧. ರಿಮೋಟು

ಸಾರಿಗೆ ಕಚೇರಿಯಲ್ಲಿ ಫೈಲಿಗೆ ಅರ್ಜಿ ಕೊಟ್ಟು, ಅಲ್ಲೇ ಸಂದರ್ಶನ ಶುರು ಮಾಡಿದೆ.

"ಚೇಚಿ, ನಮ್ಮ ಕೈಯಲ್ಲೇನಿದೆ? ಅಧಿಕಾರ ಎಲ್ಲ ಮೇಲಿನವರ ಹತ್ತಿರ ಇದೆ," ಅಂದರು ಗುಮಾಸ್ತರು. ಕೇರಳದಲ್ಲಿ ಅಕ್ಕ ಅಂದರೆ ಚೇಚಿ.

ಮೇಲಿನವರು ಅವರ ಮೇಲಿನವರನ್ನು ತೋರಿಸಿದರು. ಎಲ್ಲರಿಗಿಂತ ಮೇಲಿನವರ ಕೋಣೆಯಲ್ಲಿ ಎಸಿ ಹಲ್ಲು ಕಟಕಟ ಅನ್ನುವಷ್ಟು ತಣ್ಣಗಿತ್ತು. ಅವರು ಶಾಲು ಹೊದ್ದು ಕೂತಿದ್ದರು.

"ಸ್ವಲ್ಪ ಕಡಿಮೆ ಮಾಡಬಹುದಾ ಸಾರ್?" ಅಂದೆ.

"ರಿಮೋಟು ಪ್ಯೂನ್ ಹತ್ತಿರ ಇರುತ್ತೆ. ಅವರು ಊಟಕ್ಕೆ ಹೋಗಿದ್ದಾರೆ," ಅಂದರು.

ನನ್ನ ಮೊದಲ ಅಧ್ಯಾಯ ಅಲ್ಲಿಗೆ ಮುಗಿಯಿತು.

೨. ಒಪ್ಪಂದ

ನನ್ನ ಗೈಡ್ ಎರ್ನಾಕುಲಂನವರು, ದೇಶ ದೇಶಗಳ ಶಾಂತಿ ಮಾತುಕತೆಯಲ್ಲಿ ಪರಿಣತರು. ಅವರಿಗೂ ಪಕ್ಕದ ಕೋಣೆಯ ಪ್ರೊಫೆಸರಿಗೂ ಎಷ್ಟೋ ವರ್ಷದಿಂದ ಮಾತಿಲ್ಲ. ಎರಡು ಕೋಣೆಗಳ ನಡುವೆ ಒಂದು ಬಾಗಿಲಿದೆ; ಇವರಿಗೆ ತೆಗೆದಿರಬೇಕು, ಅವರಿಗೆ ಮುಚ್ಚಿರಬೇಕು. ಜಗಳ ಅಷ್ಟೇ.

ಫೈಲಿಗೆ ಕಾದೂ ಕಾದೂ ನನ್ನ ಪ್ರಬಂಧದ ಗಡುವು ಮುಗಿಯುತ್ತಾ ಬಂತು. ಇನ್ನಾರು ತಿಂಗಳು ಬೇಕಾದರೆ ಒಂದೇ ಅರ್ಜಿಯ ಮೇಲೆ ಗೈಡ್ ಆಗಿ ಇವರದೂ ವಿಭಾಗದ ಮುಖ್ಯಸ್ಥರಾಗಿ ಅವರದೂ ಸಹಿ ಬೇಕು.

"ನಾನು ಮೊದಲು ಹಾಕಿದರೆ ಸೋತೆ ಅಂದುಕೊಳ್ಳುತ್ತಾರೆ," ಅಂದರು ನಮ್ಮ ಗೈಡ್. ಪಕ್ಕದವರೂ ಇದನ್ನೇ ಹೇಳಿದರು.

ಕೊನೆಗೆ ಇಬ್ಬರನ್ನೂ ಕ್ಯಾಂಟೀನಿನಲ್ಲಿ, ಯಾರದೂ ಅಲ್ಲದ ಮೇಜಿನಲ್ಲಿ ಕೂರಿಸಿ ಎರಡು ಪ್ರತಿ ಮುಂದಿಟ್ಟೆ. ಒಂದರಲ್ಲಿ ಇವರು ಮೊದಲು, ಇನ್ನೊಂದರಲ್ಲಿ ಅವರು. ನಾನು ಒಂದು, ಎರಡು, ಮೂರು ಅಂದ ಮೇಲೆ ಒಟ್ಟಿಗೇ ಬರೆದರು. ಆಮೇಲೆ ಪ್ರತಿ ಬದಲಾಯಿಸಿಕೊಂಡರು. ಪಳಂಪೊರಿ ಮಾತ್ರ ಇಬ್ಬರೂ ಮುಟ್ಟಲಿಲ್ಲ. ಎರಡು ತಟ್ಟೆ ಬಾಳೆಹಣ್ಣಿನ ಬಜ್ಜಿ ನಾನೇ ತಿಂದೆ.

"ಎರಡು ಪ್ರತಿ ಯಾಕೆ?" ಅಂತ ವಿಶ್ವವಿದ್ಯಾಲಯದ ಆಫೀಸಿನಾಕೆ ಕೇಳಿದರು.

"ಒಂದರಿಂದ ಯುದ್ಧ ಆಗುತ್ತೆ," ಅಂದೆ. ಅವರು ಎರಡಕ್ಕೂ ಸೀಲು ಹಾಕಿದರು.

೩. ಶರಿಯಾಕ್ಕಾಂ

ಆರು ತಿಂಗಳು ಸಿಕ್ಕಿತು, ಆದರೆ ಅದೇ ಕೊನೆ. ಫೈಲು ಸಿಗದಿದ್ದರೆ ಐದು ವರ್ಷದ ಕೆಲಸ ನೀರಿನಲ್ಲಿ ಹೋಮ. ದಿನಾ ಗುಮಾಸ್ತರಿಗೆ ಫೋನು ಮಾಡುತ್ತಿದ್ದೆ. "ಶರಿಯಾಕ್ಕಾಂ ಚೇಚಿ," ಅನ್ನುತ್ತಿದ್ದರು. ಸರಿ ಮಾಡೋಣ ಅಂತ. ನನಗೋ ಸಮಾಧಾನ.

ಒಂದು ಭಾನುವಾರ ಮಗಳಿಗೆ, "ಆ ಮೇಜು ಸ್ವಲ್ಪ ಚೊಕ್ಕ ಮಾಡೇ," ಅಂದೆ. ಅವಳಿಗೆ ನಮ್ಮ ಕನ್ನಡ ಪೂರ್ತಿ ಅರ್ಥವಾಗುತ್ತೆ, ಉತ್ತರ ಮಾತ್ರ ಮಲಯಾಳದಲ್ಲಿ.

"ಶರಿಯಾಕ್ಕಾಂ ಅಮ್ಮಾ."

ಆ ಮೇಜಿನ ಮೇಲೆ ಸೆಪ್ಟೆಂಬರಿನ ಓಣಂ ಹಬ್ಬದ ಬಾಳೆಕಾಯಿ ಚಿಪ್ಸಿನ ಪೊಟ್ಟಣ ಇನ್ನೂ ಇತ್ತು. ಆಗ ಫೆಬ್ರವರಿ. ಮರುದಿನದಿಂದ ಗುಮಾಸ್ತರಿಗೆ ದಿನಕ್ಕೆ ಎರಡು ಸಲ ಫೋನು ಮಾಡತೊಡಗಿದೆ.

೪. ತಜ್ಞರು

ಗಡುವಿಗೆ ಎರಡು ತಿಂಗಳಿರುವಾಗ ಆ ಕಚೇರಿಯಿಂದ ಒಂದು ಪತ್ರ ಬಂತು. ಒಬ್ಬ ಸಂಶೋಧಕರು ಬಸ್ ಸ್ಟಾಪಿನ ಫೈಲು ನೋಡಲು ಕೇಳಿದ್ದಾರೆ, ತೋರಿಸಬಹುದೇ? ವಿಷಯ ತಜ್ಞರಾದ ತಾವು ಅಭಿಪ್ರಾಯ ತಿಳಿಸಬೇಕು. ಹಿಂದೊಮ್ಮೆ ಅಲ್ಲಿ ಪಾರದರ್ಶಕತೆಯ ಬಗ್ಗೆ ಉಪನ್ಯಾಸ ಕೊಟ್ಟಿದ್ದೆ; ತಜ್ಞರ ಪಟ್ಟಿಯಲ್ಲಿ ನನ್ನ ಹೆಸರು ಸೇರಿಕೊಂಡಿತ್ತು.

"ತೋರಿಸಿ ಅಂತ ಬರೆದು ಕಳಿಸೇ ಮಾರಾಯ್ತಿ!" ಅಂದರು ಯಜಮಾನರು.

"ಹಾಗೆಲ್ಲ ಆಗುತ್ತಾ? ನನ್ನ ಅರ್ಜಿಗೆ ನಾನೇ ಅಭಿಪ್ರಾಯ ಕೊಟ್ಟರೆ ನಾಳೆ ಯಾರಾದರೂ ಕೇಳಿದರೆ?" ಅಂದೆ. ನಾನೇ ಅರ್ಜಿದಾರಳು ಅಂತ ತಿಳಿಸೋಣವೆಂದರೆ, ಅದಕ್ಕೆ ಬೇರೆ ಫೈಲು ತೆರೆದಾರು ಅಂತ ಭಯ. ಪತ್ರವನ್ನು ಡ್ರಾಯರಿನಲ್ಲಿಟ್ಟೆ. ಒಂದು ವಾರವಾಯಿತು, ಮೂರಾಯಿತು. ಕೊನೆಗೆ ಧೈರ್ಯ ಮಾಡಿ ಬರೆದೆ: "ಇದನ್ನು ತೀರ್ಮಾನಿಸುವ ಅಧಿಕಾರ ನನಗಿಲ್ಲ. ಮೇಲಿನವರು ಪರಿಶೀಲಿಸಬಹುದು."

ಹತ್ತು ದಿನದಲ್ಲಿ ಗುಮಾಸ್ತರ ಫೋನು. "ನಿಮ್ಮ ಅರ್ಜಿ ತಿರಸ್ಕಾರ ಆಯ್ತು ಚೇಚಿ. ಯಾರೋ ತಜ್ಞರಂತೆ, ಹೆಸರು ನನ್ನ ತನಕ ಬರಲಿಲ್ಲ. ಮೂರು ವಾರ ಇಟ್ಟುಕೊಂಡು ಕೂತು ಕೈ ತೊಳೆದುಕೊಂಡರು. ಎಂಥಾ ಜನ! ಇದನ್ನ ನಿಮ್ಮ ಪ್ರಬಂಧದಲ್ಲಿ ಬರೀರಿ."

ಬೇರೆ ದಾರಿಯೇ ಇರಲಿಲ್ಲ, ಬರೆದೆ. ಕೊನೆಯ ಅಧ್ಯಾಯ ಪೂರ್ತಿ ಆ ತಜ್ಞೆಯ ಮೇಲೆ, ಹೆಸರು ಹಾಕದೆ.

ಮೌಖಿಕ ಪರೀಕ್ಷೆಯ ದಿನ ನಮ್ಮ ಗೈಡ್ ಮತ್ತು ಪಕ್ಕದ ಕೋಣೆಯವರು ನಡುವೆ ಒಂದು ಖಾಲಿ ಕುರ್ಚಿ ಬಿಟ್ಟು ಕೂತಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು, "ಕೊನೆಯ ಅಧ್ಯಾಯ ಬಹಳ ಚೆನ್ನಾಗಿದೆ. ಅಂಜುಬುರುಕಿ ಹೆಂಗಸು, ಕಣ್ಣಿಗೆ ಕಟ್ಟುತ್ತಾಳೆ. ಆಕೆಯನ್ನು ನೇರವಾಗಿ ಸಂದರ್ಶನ ಮಾಡಿದಿರಾ?" ಅಂದರು.

"ಮಾಡಿದೆ ಸಾರ್."

"ಏನಂದರು?"

"ಹೆಸರು ಹಾಕಬೇಡಿ ಅಂದರು ಸಾರ್."